ಡುಪ್ಲಿಕೇಟ್ ಬ್ರಿಡ್ಜ್ ಕ್ಲಬ್

ಡುಪ್ಲಿಕೇಟ್ ಬ್ರಿಡ್ಜ್ ಕ್ಲಬ್ ಎಂಬುದು ಕಾಂಟ್ರ್ಯಾಕ್ಟ್ ಬ್ರಿಡ್ಜ್ ಎಂಬ ಇಸ್ಪೀಟಿನ ಆಟವನ್ನು ಸ್ಪರ್ಧೆಯ ರೂಪದಲ್ಲಿ ನಿಯತವಾಗಿ ಆಡುವ ಸಲುವಾಗಿ ಸದಸ್ಯರು ಕೂಡಿ ನಡೆಸುವ ಸ್ಥಳೀಯ ಸಂಸ್ಥೆ. ವಾರದ ಗೊತ್ತಾದ ದಿನಗಳಲ್ಲಿ, ಗೊತ್ತಾದ ಹೊತ್ತಿಗೆ ಸೇರಿ, ಎಲ್ಲ ಮೇಜುಗಳಲ್ಲಿಯೂ ಒಂದೇ ಹಂಚಿಕೆಯ ಎಲೆಗಳನ್ನು ಆಡಿ, ಫಲಿತಾಂಶಗಳನ್ನು ಪರಸ್ಪರ ಹೋಲಿಸಿ ಗೆಲುವನ್ನು ನಿರ್ಧರಿಸುವುದು ಇದರ ಮುಖ್ಯ ಕೆಲಸ. ಬ್ರಿಟನ್, ಅಮೆರಿಕ, ನೆದರ್ಲೆಂಡ್ಸ್ ಮೊದಲಾದ ದೇಶಗಳಲ್ಲಿ ಇಂತಹ ಕ್ಲಬ್ಬುಗಳು ಚಿಕ್ಕ ಊರುಗಳಲ್ಲಿಯೂ ಇವೆ. ಭಾರತದಲ್ಲಿ ಇವು ಹೆಚ್ಚಾಗಿ ನಗರಗಳ ಜಿಮ್ಖಾನಾ ಮತ್ತು ಮನರಂಜನಾ ಕ್ಲಬ್ಬುಗಳ ಒಂದು ಕೊಠಡಿಯಾಗಿ ಬೆಳೆದಿವೆ. ವಿಶ್ವಮಟ್ಟದ ಆಟಗಾರರೂ ಸಾಮಾನ್ಯವಾಗಿ ಇಂತಹ ಕೊಠಡಿಗಳಿಂದಲೇ ಬಂದವರು. ಆದರೆ ಕ್ಲಬ್ಬನ್ನು ಉಳಿಸಿಕೊಂಡು ಬಂದವರು ಎಂದೂ ಪ್ರಶಸ್ತಿ ಗೆಲ್ಲದ ಸಾಧಾರಣ ಸದಸ್ಯರು.

ಆಟದ ಪರಿಚಯ

ಬ್ರಿಡ್ಜ್ ನಾಲ್ವರ ಆಟ. ಎದುರುಬದುರು ಕುಳಿತ ಇಬ್ಬರು ಒಂದು ಜೋಡಿ. ಆಸನಗಳನ್ನು ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂದು ದಿಕ್ಕುಗಳ ಹೆಸರಿನಿಂದ ಕರೆಯುವುದು ವಾಡಿಕೆ. 52 ಎಲೆಗಳನ್ನು ತಲಾ 13ರಂತೆ ಹಂಚಿದ ಮೇಲೆ ಮೊದಲು ಹರಾಜು ನಡೆಯುತ್ತದೆ. ಯಾವ ಬಣ್ಣವನ್ನು ತುರುಫು ಮಾಡಿಕೊಂಡು, ಆರರ ಮೇಲೆ ಎಷ್ಟು ಟ್ರಿಕ್ ಗೆಲ್ಲುತ್ತೇವೆ ಎಂದು ಜೋಡಿಗಳು ಸರದಿಯಂತೆ ಕೂಗುತ್ತವೆ. ಕೊನೆಯ ಕೂಗೇ ಕರಾರು. ಕರಾರು ಹಿಡಿದ ಜೋಡಿಯಲ್ಲಿ ಒಬ್ಬನು ಡಿಕ್ಲೇರರ್. ಅವನ ಜೊತೆಗಾರನು ಡಮ್ಮಿ. ಎದುರಾಳಿಯ ಮೊದಲ ಎಲೆ ಬಿದ್ದೊಡನೆ ಡಮ್ಮಿಯು ತನ್ನ ಎಲೆಗಳನ್ನು ಮೇಜಿನ ಮೇಲೆ ಬಿಚ್ಚಿಟ್ಟು ಸುಮ್ಮನಿರಬೇಕು. ಈ ಸುಮ್ಮನಿರುವಿಕೆ ಹೊಸಬರಿಗೆ ಆಟದ ಅತಿ ಕಠಿಣ ಭಾಗವೆನಿಸುವುದುಂಟು.

ಹರಾಜಿನ ಕೂಗುಗಳು ಜೊತೆಗಾರರ ನಡುವಿನ ಸಂದೇಶಗಳೂ ಹೌದು. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1 ಎಂಬ ಎಣಿಕೆಯಿಂದ ತನ್ನ ಕೈಯ ಬಲವನ್ನು ಅಳೆದು, ಅದನ್ನು ಕೂಗಿನ ಮೂಲಕ ತಿಳಿಸಲಾಗುತ್ತದೆ. ಈ ಸಂಕೇತಗಳಲ್ಲಿ ಗುಟ್ಟು ಇರಕೂಡದು. ಒಂದು ಕೂಗಿನ ಅರ್ಥವನ್ನು ಎದುರಾಳಿ ಕೇಳಿದರೆ ವಿವರಿಸಲೇಬೇಕು. ಮುಚ್ಚಿಟ್ಟ ಎಲೆಗಳು ಮತ್ತು ಬಚ್ಚಿಡಬಾರದ ಭಾಷೆ, ಈ ಎರಡರ ನಡುವೆ ಇಡೀ ಆಟ ನಿಂತಿದೆ.

ಇತಿಹಾಸ

ಬ್ರಿಡ್ಜಿನ ಪೂರ್ವಜ ಇಂಗ್ಲೆಂಡಿನ ವಿಸ್ಟ್ ಎಂಬ ಆಟ. ಒಳ್ಳೆಯ ಎಲೆ ಬಂದವನೇ ಗೆಲ್ಲುತ್ತಾನೆ ಎಂಬ ಆಕ್ಷೇಪ ಅದರ ಮೇಲೆ ಮೊದಲಿನಿಂದಲೂ ಇತ್ತು. 'ಕ್ಯಾವೆಂಡಿಶ್' ಎಂಬ ಕಾವ್ಯನಾಮದಿಂದ ಬರೆಯುತ್ತಿದ್ದ ಹೆನ್ರಿ ಜೋನ್ಸ್ 1857ರಲ್ಲಿ ಲಂಡನ್ನಿನಲ್ಲಿ ಒಂದು ಪ್ರಯೋಗ ನಡೆಸಿದರು. ಒಂದು ಕೊಠಡಿಯಲ್ಲಿ ನುರಿತವರಿಗೆ ದೊರೆತ ಎಲೆಗಳನ್ನೇ ಇನ್ನೊಂದು ಕೊಠಡಿಯಲ್ಲಿ ಅಷ್ಟಾಗಿ ಪಳಗದವರಿಗೆ ಕೊಟ್ಟು ಆಡಿಸಲಾಯಿತು. ಅದೃಷ್ಟ ಸಮನಾದಾಗ ನುರಿತವರೇ ಮೇಲುಗೈ ಪಡೆದರು. ಡುಪ್ಲಿಕೇಟ್ ಎಂಬ ಪದ್ಧತಿಯ ಬೀಜ ಇದು. 1890ರ ದಶಕದಲ್ಲಿ ಅಮೆರಿಕದ ಜಾನ್ ಮಿಚೆಲ್ ಮತ್ತು ಎಡ್ವಿನ್ ಹೋವೆಲ್ ಅನೇಕ ಮೇಜುಗಳಲ್ಲಿ ಒಂದೇ ಹಂಚಿಕೆಯನ್ನು ಸುತ್ತಿಸುವ ಕ್ರಮಗಳನ್ನು ರೂಪಿಸಿದರು. ಇಂದಿಗೂ ಕ್ಲಬ್ಬುಗಳಲ್ಲಿ ಆ ಕ್ರಮಗಳು ಅವರ ಹೆಸರಿನಿಂದಲೇ ನಡೆಯುತ್ತವೆ.

ವಿಸ್ಟ್‌ನಿಂದ ಬ್ರಿಡ್ಜ್, ಅದರಿಂದ ಆಕ್ಷನ್ ಬ್ರಿಡ್ಜ್ ಹುಟ್ಟಿದವು. 1925ರಲ್ಲಿ ಅಮೆರಿಕದ ಹೆರಾಲ್ಡ್ ವಾಂಡರ್‌ಬಿಲ್ಟ್, ಪನಾಮಾ ಕಾಲುವೆಯ ಮೂಲಕ ಸಾಗುತ್ತಿದ್ದ 'ಫಿನ್ಲೆಂಡ್' ಎಂಬ ಹಡಗಿನಲ್ಲಿ ತಾನು ಸಿದ್ಧಪಡಿಸಿದ್ದ ಹೊಸ ಅಂಕಪದ್ಧತಿಯನ್ನು ಸಹಪ್ರಯಾಣಿಕರೊಡನೆ ಆಡಿ ನೋಡಿದರು. ಕೂಗಿದಷ್ಟು ಟ್ರಿಕ್‌ಗಳಿಗೆ ಮಾತ್ರವೇ ಗೇಮಿನ ಲಾಭ ಎಂಬ ನಿಯಮ ಆಟಕ್ಕೆ ಹೊಸ ಬಿಗುವನ್ನು ತಂದಿತು. ಎಲಿ ಕಲ್ಬರ್ಟ್‌ಸನ್ನರ ಪ್ರಚಾರದಿಂದ 1930ರ ದಶಕದಲ್ಲಿ ಆಟ ಮನೆಮನೆಗೂ ಹಬ್ಬಿತು. ಇಂಗ್ಲಿಷ್ ಬ್ರಿಡ್ಜ್ ಯೂನಿಯನ್ 1936ರಲ್ಲಿ, ಅಮೆರಿಕನ್ ಕಾಂಟ್ರ್ಯಾಕ್ಟ್ ಬ್ರಿಡ್ಜ್ ಲೀಗ್ 1937ರಲ್ಲಿ, ವಿಶ್ವ ಬ್ರಿಡ್ಜ್ ಒಕ್ಕೂಟ 1958ರಲ್ಲಿ ಸ್ಥಾಪನೆಯಾದವು.

ಒಂದು ಸಂಜೆಯ ಆಟ

ಕ್ಲಬ್ಬಿನ ಮುಖ್ಯ ಸಾಧನ 'ಬೋರ್ಡ್' ಎಂಬ ನಾಲ್ಕು ಗೂಡುಗಳ ಚಪ್ಪಟೆ ಪೆಟ್ಟಿಗೆ. ಪ್ರತಿ ಗೂಡಿನಲ್ಲಿ ಒಂದು ದಿಕ್ಕಿನ 13 ಎಲೆಗಳಿರುತ್ತವೆ. ಯಾರು ಮೊದಲು ಕೂಗಬೇಕು, ಯಾವ ಜೋಡಿ ಹೆಚ್ಚಿನ ಲಾಭನಷ್ಟಕ್ಕೆ ಒಳಗಾಗಿದೆ ಎಂಬುದು ಬೋರ್ಡಿನ ಮೇಲೆಯೇ ಅಚ್ಚಾಗಿದೆ. ಸಾಧಾರಣ ಇಸ್ಪೀಟಿನಂತೆ ಇಲ್ಲಿ ಎಲೆಗಳನ್ನು ಮೇಜಿನ ನಡುವೆ ಎಸೆಯುವುದಿಲ್ಲ. ಪ್ರತಿಯೊಬ್ಬರೂ ತಮ್ಮ ಎಲೆಯನ್ನು ತಮ್ಮ ಮುಂದೆಯೇ ಇಟ್ಟು, ಟ್ರಿಕ್ ಗೆದ್ದಿದ್ದರೆ ಉದ್ದಕ್ಕೂ ಸೋತಿದ್ದರೆ ಅಡ್ಡಕ್ಕೂ ಮಗುಚಿ, ಆಟ ಮುಗಿದ ಮೇಲೆ ಅದೇ ಗೂಡಿಗೆ ಮರಳಿಸುತ್ತಾರೆ. ಹೀಗಾಗಿ ಅದೇ ಹಂಚಿಕೆ ಮುಂದಿನ ಮೇಜಿಗೆ ಕೆಡದೆ ಹೋಗುತ್ತದೆ.

ಏಳು ಮೇಜುಗಳಿರುವ ಸಂಜೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಮಿಚೆಲ್ ಕ್ರಮದಲ್ಲಿ ಉತ್ತರ-ದಕ್ಷಿಣ ಜೋಡಿಗಳು ಕುಳಿತಲ್ಲೇ ಇರುತ್ತವೆ. ಸುತ್ತು ಮುಗಿದೊಡನೆ ಪೂರ್ವ-ಪಶ್ಚಿಮ ಜೋಡಿಗಳು ಮುಂದಿನ ಮೇಜಿಗೂ ಬೋರ್ಡುಗಳು ಹಿಂದಿನ ಮೇಜಿಗೂ ಸಾಗುತ್ತವೆ. ಸುತ್ತಿಗೆ ನಾಲ್ಕು ಬೋರ್ಡುಗಳಂತೆ ಏಳು ಸುತ್ತಿಗೆ 28 ಬೋರ್ಡುಗಳು. ಒಂದಕ್ಕೆ ಏಳೂವರೆ ನಿಮಿಷದ ಲೆಕ್ಕದಲ್ಲಿ ಮೂರೂವರೆ ಗಂಟೆ. ಮೇಜುಗಳ ಸಂಖ್ಯೆ ಸಮವಾಗಿದ್ದರೆ ಜೋಡಿಗಳು ಆಡಿದ ಬೋರ್ಡುಗಳೇ ಮತ್ತೆ ಎದುರಾಗುವುದರಿಂದ, ನಡುವೆ ಒಂದು ಮೇಜನ್ನು ದಾಟಿಸುವ ಉಪಾಯ ಮಾಡಲಾಗುತ್ತದೆ. ನಾಲ್ಕೈದು ಮೇಜುಗಳಷ್ಟೇ ಇರುವ ಚಿಕ್ಕ ಕ್ಲಬ್ಬುಗಳಿಗೆ ಹೋವೆಲ್ ಕ್ರಮ ಹೊಂದುತ್ತದೆ. ಅದರಲ್ಲಿ ಬಹುತೇಕ ಜೋಡಿಗಳು ದಿಕ್ಕನ್ನೂ ಮೇಜನ್ನೂ ಬದಲಿಸುತ್ತ ಎಲ್ಲರನ್ನೂ ಎದುರಿಸುತ್ತವೆ. ಮಂಡಿನೋವಿನ ಹಿರಿಯರಿಗೆ ಓಡಾಟವಿಲ್ಲದ ಆಸನವನ್ನು ಕಾಯ್ದಿರಿಸುವುದು ಅನೇಕ ಕ್ಲಬ್ಬುಗಳಲ್ಲಿ ನಡೆದುಬಂದ ಸೌಜನ್ಯ.

ಹಿಂದೆ ಕೂಗುಗಳನ್ನು ಬಾಯಲ್ಲೇ ಹೇಳುತ್ತಿದ್ದರು. ಸ್ವರದ ಏರಿಳಿತವೇ ಸೂಚನೆಯಾಗುವ ಅಪಾಯವಿದ್ದುದರಿಂದ, ಸ್ವೀಡನ್ನಿನಲ್ಲಿ 1960ರ ದಶಕದಲ್ಲಿ ರೂಪುಗೊಂಡ ಬಿಡ್ಡಿಂಗ್ ಪೆಟ್ಟಿಗೆ ಕ್ರಮೇಣ ಎಲ್ಲೆಡೆ ಬಂದಿತು. ಕೂಗುಗಳನ್ನು ಅಚ್ಚು ಹಾಕಿದ ಕಾರ್ಡುಗಳನ್ನು ಅದರಿಂದ ತೆಗೆದು ಮೇಜಿನ ಮೇಲಿಟ್ಟರೆ ಆಯಿತು. ಕಿವಿ ಮಂದವಾದ ಸದಸ್ಯರಿಗೂ ಇದರಿಂದ ದೊಡ್ಡ ಉಪಕಾರವಾಯಿತು. ಬೋರ್ಡಿನೊಳಗೆ ಮಡಿಸಿಡುತ್ತಿದ್ದ ಅಂಕದ ಚೀಟಿಯ ಜಾಗಕ್ಕೆ ಈಗ ಅಂಗೈಯಗಲದ ತಂತಿರಹಿತ ಯಂತ್ರ ಬಂದಿದೆ. ಕೊನೆಯ ಬೋರ್ಡ್ ಮುಗಿದ ಕೆಲವೇ ಕ್ಷಣಗಳಲ್ಲಿ ಫಲಿತಾಂಶ ಸಿದ್ಧ.

ಅಂಕಗಳ ಎಣಿಕೆ

ಜೋಡಿಗಳ ಸ್ಪರ್ಧೆಯಲ್ಲಿ ಮ್ಯಾಚ್‌ಪಾಯಿಂಟ್ ಪದ್ಧತಿ ಬಳಕೆಯಲ್ಲಿದೆ. ಅದೇ ಎಲೆಗಳನ್ನು ಹಿಡಿದ ಬೇರೆ ಜೋಡಿಗಳಲ್ಲಿ ಎಷ್ಟನ್ನು ಹಿಂದಿಕ್ಕಿದ್ದೇವೆ ಎಂಬುದಷ್ಟೇ ಇಲ್ಲಿ ಮುಖ್ಯ. ಹಿಂದಿಕ್ಕಿದ ಪ್ರತಿ ಜೋಡಿಗೆ 2, ಸಮನಾದ ಪ್ರತಿ ಜೋಡಿಗೆ 1 ಅಂಕ. ಅಮೆರಿಕದಲ್ಲಿ ಇದನ್ನು 1 ಮತ್ತು ಅರ್ಧ ಎಂದು ಎಣಿಸುತ್ತಾರೆ, ತಾತ್ಪರ್ಯ ಒಂದೇ.

ಏಳು ಮೇಜುಗಳಲ್ಲಿ ಒಂದು ಬೋರ್ಡಿಗೆ ಉತ್ತರ-ದಕ್ಷಿಣದವರ ಗಳಿಕೆ 650, 620, 620, 620, 600, 170 ಮತ್ತು 100ರ ನಷ್ಟ ಎಂದಿಟ್ಟುಕೊಳ್ಳೋಣ. 650 ಗಳಿಸಿದ ಜೋಡಿ ಉಳಿದ ಆರನ್ನೂ ಹಿಂದಿಕ್ಕಿದ್ದರಿಂದ 12 ಅಂಕ. 620ರ ಮೂವರಲ್ಲಿ ಪ್ರತಿಯೊಂದೂ ಮೂರು ಜೋಡಿಗಳನ್ನು ಹಿಂದಿಕ್ಕಿ ಎರಡಕ್ಕೆ ಸಮನಾಗಿರುವುದರಿಂದ ತಲಾ 8. 600ಕ್ಕೆ 4, 170ಕ್ಕೆ 2, ನಷ್ಟಪಟ್ಟವರಿಗೆ ಸೊನ್ನೆ. ಇಸ್ಪೀಟು ತುರುಫಿನಲ್ಲಿ ಹತ್ತರ ಬದಲು ಹನ್ನೊಂದು ಟ್ರಿಕ್ ಮಾಡಿದ್ದಕ್ಕೆ ದೊರೆತ ಹೆಚ್ಚುವರಿ ಬರಿಯ 30. ಅದೇ 8ನ್ನು 12 ಮಾಡಿತು. ತುರುಫಿಲ್ಲದ ಕರಾರಿನಲ್ಲಿ ಸುರಕ್ಷಿತವಾಗಿ 600 ಗಳಿಸಿದವರು, ಗೇಮ್ ಮಾಡಿಯೂ ಸರಾಸರಿಗಿಂತ ಕೆಳಗಿಳಿದರು. ಮ್ಯಾಚ್‌ಪಾಯಿಂಟ್ ಆಟವು ಕಾಸಿಗೆ ಕಾಸು ಎಣಿಸುವ ಶೆಟ್ಟರ ಅಂಗಡಿಯಂತೆ. ಇಲ್ಲಿ ಚಿಲ್ಲರೆಯೇ ಬಂಡವಾಳ. ಸಂಜೆಯ ಒಟ್ಟು ಅಂಕವನ್ನು ಶೇಕಡಾವಾರು ತಿಳಿಸುತ್ತಾರೆ. ಸರಾಸರಿ 50. ಕ್ಲಬ್ಬಿನಲ್ಲಿ 60 ದಾಟಿದವರು ಸಾಮಾನ್ಯವಾಗಿ ಅಂದಿನ ವಿಜೇತರ ಸಾಲಿನಲ್ಲಿರುತ್ತಾರೆ.

ನಾಲ್ವರ ತಂಡಗಳ ಸ್ಪರ್ಧೆಯ ಲೆಕ್ಕ ಬೇರೆ. ತಂಡದ ಒಂದು ಜೋಡಿ ಒಂದು ಮೇಜಿನಲ್ಲಿ ಉತ್ತರ-ದಕ್ಷಿಣವಾಗಿ, ಇನ್ನೊಂದು ಜೋಡಿ ಬೇರೊಂದು ಮೇಜಿನಲ್ಲಿ ಪೂರ್ವ-ಪಶ್ಚಿಮವಾಗಿ ಅದೇ ಬೋರ್ಡುಗಳನ್ನು ಆಡುತ್ತವೆ. ಎರಡರ ವ್ಯತ್ಯಾಸವನ್ನು ಐಎಂಪಿ ಎಂಬ ಇಳಿಕೆಯ ಮಾಪಕಕ್ಕೆ ಪರಿವರ್ತಿಸಲಾಗುತ್ತದೆ. 30ರ ವ್ಯತ್ಯಾಸಕ್ಕೆ 1 ಐಎಂಪಿ, 450ಕ್ಕೆ 10, 720ಕ್ಕೆ 12, ಗರಿಷ್ಠ 24. ಇಲ್ಲಿ ಚಿಲ್ಲರೆಯ ಆಸೆ ಬಿಟ್ಟು ಕರಾರನ್ನು ಉಳಿಸಿಕೊಳ್ಳುವುದೇ ಜಾಣತನ. ಒಂದೇ ಎಲೆಗಳನ್ನು ಸೋಮವಾರ ಒಂದು ರೀತಿ, ಗುರುವಾರ ಇನ್ನೊಂದು ರೀತಿ ಆಡಬೇಕಾಗುವುದು ಇದರಿಂದಲೇ.

ಸ್ಪರ್ಧೆಗಳು ಮತ್ತು ಮಾಸ್ಟರ್ ಪಾಯಿಂಟ್

ವಾರದ ಆಟಗಳಲ್ಲದೆ ವಾರ್ಷಿಕ ಕ್ಲಬ್ ಚಾಂಪಿಯನ್‌ಷಿಪ್, ಜೊತೆಗಾರರು ಪ್ರತಿ ಸುತ್ತಿಗೂ ಬದಲಾಗುವ ವೈಯಕ್ತಿಕ ಸ್ಪರ್ಧೆ, ಬಲಹೀನರಿಗೆ ಮುಂಗಡ ಅಂಕ ಕೊಡುವ ಹ್ಯಾಂಡಿಕ್ಯಾಪ್ ಸ್ಪರ್ಧೆ, ನೆರೆಯ ಕ್ಲಬ್ಬುಗಳೊಡನೆ ಲೀಗ್ ಪಂದ್ಯ ಇವು ವರ್ಷದ ಪಂಚಾಂಗದಲ್ಲಿ ಬರುತ್ತವೆ. ಇವೆಲ್ಲದರಲ್ಲಿ ಹೆಚ್ಚು ಜನಪ್ರಿಯವಾದುದು ಏಕಕಾಲದ ಸ್ಪರ್ಧೆ. ಒಂದೇ ದಿನ ನೂರಾರು ಕ್ಲಬ್ಬುಗಳಲ್ಲಿ ಅವೇ ಬೋರ್ಡುಗಳನ್ನು ಆಡಿಸಿ, ಆಟ ಮುಗಿದ ಮೇಲೆ ಪರಿಣತರು ಬರೆದ ವಿಶ್ಲೇಷಣೆಯ ಪುಸ್ತಿಕೆಯನ್ನು ಹಂಚುವ ಪದ್ಧತಿ ಇದು.

ಗೆದ್ದವರಿಗೆ ಹಣ ದೊರೆಯುವುದು ಅಪರೂಪ. ದೊರೆಯುವುದು ಮಾಸ್ಟರ್ ಪಾಯಿಂಟ್. ರಾಷ್ಟ್ರೀಯ ಸಂಸ್ಥೆಗಳು ಇವನ್ನು ದಾಖಲಿಸಿ ಪದವಿಗಳನ್ನು ನೀಡುತ್ತವೆ. ಅಮೆರಿಕದಲ್ಲಿ ಇವಕ್ಕೆ ಬಣ್ಣಗಳೂ ಉಂಟು: ಕ್ಲಬ್ಬಿನಲ್ಲಿ ಗಳಿಸಿದ್ದು ಕಪ್ಪು, ಮೇಲಿನ ಸ್ಪರ್ಧೆಗಳಲ್ಲಿ ಬೆಳ್ಳಿ, ಕೆಂಪು, ಚಿನ್ನ, ಪ್ಲಾಟಿನಂ. ಅಲ್ಲಿ 'ಲೈಫ್ ಮಾಸ್ಟರ್' ಪದವಿಗೆ 300 ಸಾಕಿತ್ತು. 2010ರಿಂದ ಸೇರಿದವರಿಗೆ 500 ಬೇಕು. ಗಳಿಸಿದ ಅಂಕ ಕರಗುವುದಿಲ್ಲ. ಆದುದರಿಂದ ಈ ಸಂಖ್ಯೆ ಕೌಶಲಕ್ಕಿಂತ ಹಾಜರಿಯನ್ನೇ ಹೆಚ್ಚಾಗಿ ಅಳೆಯುತ್ತದೆ ಎಂಬ ಟೀಕೆಯಲ್ಲಿ ಹುರುಳಿದೆ. ಆದರೂ ಎಪ್ಪತ್ತು ದಾಟಿದ ಸದಸ್ಯರು ಮಳೆಯಲ್ಲಿ ಕೊಡೆ ಹಿಡಿದು ಬರುವುದಕ್ಕೆ ಅರ್ಧ ಪಾಯಿಂಟಿನ ಆಸೆ ಎಷ್ಟೋ ಬಾರಿ ಸಾಕಾಗುತ್ತದೆ.

ನಿಯಮ, ನಿರ್ದೇಶಕ ಮತ್ತು ನಡತೆ

ಪ್ರತಿ ಸಂಜೆಗೂ ಒಬ್ಬ ನಿರ್ದೇಶಕರಿರುತ್ತಾರೆ. ಸಣ್ಣ ಕ್ಲಬ್ಬಿನಲ್ಲಿ ಅವರೂ ಆಡುತ್ತಲೇ ಈ ಹೊಣೆ ಹೊರುವುದುಂಟು. ವಿಶ್ವ ಒಕ್ಕೂಟವು ಪ್ರಕಟಿಸಿದ ಡುಪ್ಲಿಕೇಟ್ ಬ್ರಿಡ್ಜ್ ನಿಯಮಾವಳಿಯ 2017ರ ಆವೃತ್ತಿ ಅವರ ಕೈಪಿಡಿ. ಬಣ್ಣ ಇದ್ದೂ ಬೇರೆ ಬಣ್ಣ ಹಾಕಿದರೆ ಸಂದರ್ಭಕ್ಕೆ ತಕ್ಕಂತೆ ಒಂದೋ ಎರಡೋ ಟ್ರಿಕ್ ಎದುರಾಳಿಗೆ ಹೋಗಬಹುದು. ಸರದಿಯಲ್ಲದವರು ಮೊದಲ ಎಲೆಯನ್ನು ಬಿಚ್ಚಿ ಹಾಕಿದರೆ ಡಿಕ್ಲೇರರ್‌ಗೆ ಐದು ಆಯ್ಕೆಗಳಿವೆ. ಅವನ್ನು ಪುಸ್ತಕ ತೆರೆಯದೆ ಸರಿಯಾಗಿ ಹೇಳಬಲ್ಲ ನಿರ್ದೇಶಕರಿಗೆ ಕ್ಲಬ್ಬಿನಲ್ಲಿ ಗೌರವ ಹೆಚ್ಚು.

ಎಲೆಯ ತಪ್ಪುಗಳಿಗಿಂತ ಸೂಕ್ಷ್ಮವಾದುದು ಸಂಕೋಚದ ಸಮಸ್ಯೆ. ಒಬ್ಬನು ದೀರ್ಘವಾಗಿ ಯೋಚಿಸಿ 'ಪಾಸ್' ಎಂದರೆ, ಅವನ ಕೈಯಲ್ಲಿ ಏನೋ ಇದೆ ಎಂದು ಜೊತೆಗಾರನಿಗೆ ತಿಳಿದುಬಿಡುತ್ತದೆ. ಯೋಚಿಸುವುದು ತಪ್ಪಲ್ಲ, ಆ ತಡೆಯಿಂದ ತಿಳಿದುದನ್ನು ಬಳಸಿಕೊಳ್ಳುವುದು ತಪ್ಪು. ಜೊತೆಗಾರನ ಮುಖ, ನಿಟ್ಟುಸಿರು, ಎಲೆ ಹಾಕಿದ ರಭಸ ಇವೆಲ್ಲವೂ ಇದೇ ಸಾಲಿಗೆ ಸೇರುತ್ತವೆ. ಹೀಗೆ ಆಟಗಾರನು ತನಗೆ ಗೊತ್ತಾದುದನ್ನು ಗೊತ್ತಿಲ್ಲದಂತೆ ಬದಿಗಿಡಬೇಕಾಗುತ್ತದೆ. ಇಂತಹ ಕಟ್ಟುಪಾಡು ಬೇರೆ ಆಟಗಳಲ್ಲಿ ವಿರಳ.

ಮೋಸದ ಪ್ರಕರಣಗಳೂ ನಡೆದಿವೆ. 1975ರ ವಿಶ್ವ ಸ್ಪರ್ಧೆಯಲ್ಲಿ ಇಟಲಿಯ ಒಂದು ಜೋಡಿಯ ಮೇಲೆ ಮೇಜಿನಡಿ ಕಾಲಿನಿಂದ ಸೂಚನೆ ಕೊಟ್ಟ ಆರೋಪ ಬಂದು, ಅಲ್ಲಿಂದ ಮುಂದೆ ಪರದೆಗಳು ಮೇಜಿನ ಕೆಳಗೂ ಇಳಿದವು. ಕ್ಲಬ್ಬುಗಳಲ್ಲಿ ಪರದೆ ಇರುವುದಿಲ್ಲ. ಅಲ್ಲಿಯ ರಕ್ಷೆ ಪರಸ್ಪರ ನಂಬಿಕೆಯೇ.

ಕ್ಲಬ್ಬಿಗೆ ಮೋಸಕ್ಕಿಂತ ದೊಡ್ಡ ಹಾನಿ ಮಾಡುವುದು ಒರಟುತನ. ತಪ್ಪು ಎಲೆ ಹಾಕಿದ ಹೊಸಬರನ್ನು ಎಲ್ಲರೆದುರು ಗದರಿದರೆ ಅವರು ಮುಂದಿನ ವಾರ ಬರುವುದಿಲ್ಲ, ಕಾರಣವನ್ನೂ ಹೇಳುವುದಿಲ್ಲ. ನಿರ್ದೇಶಕರನ್ನು ಕರೆಯುವ ಧಾಟಿಯೂ ಇಲ್ಲಿ ಮುಖ್ಯ. ಸೌಜನ್ಯದಿಂದ ಕರೆದರೆ ಅದು ಸಹಾಯ. ಕೈಯೆತ್ತಿ ಕೂಗಿದರೆ ಆಪಾದನೆ. ಅಮೆರಿಕನ್ ಲೀಗ್ 1990ರ ದಶಕದ ಕೊನೆಯಲ್ಲಿ ದುರ್ನಡತೆಗೆ 'ಶೂನ್ಯ ಸಹನೆ' ಎಂಬ ನೀತಿಯನ್ನೇ ತರಬೇಕಾಯಿತು. ಜೊತೆಗಾರರ ಜಗಳ ಎಲ್ಲಿಯವರೆಗೆ ಹೋಗಬಹುದೆಂಬುದಕ್ಕೆ 1929ರ ಕಾನ್ಸಾಸ್ ಸಿಟಿಯ ಪ್ರಕರಣವನ್ನು ಇಂದಿಗೂ ನೆನೆಯುತ್ತಾರೆ: ನೆರೆಯ ದಂಪತಿಗಳೊಡನೆ ಮನೆಯಲ್ಲಿ ಆಡುತ್ತಿದ್ದಾಗ ಕರಾರು ಸೋತ ಗಂಡನೊಡನೆ ವಾಗ್ವಾದಕ್ಕಿಳಿದ ಮರ್ಟಲ್ ಬೆನೆಟ್ ಆತನಿಗೆ ಗುಂಡಿಕ್ಕಿದರು. 1931ರಲ್ಲಿ ನ್ಯಾಯಾಲಯ ಅವರನ್ನು ಬಿಡುಗಡೆ ಮಾಡಿತು.

ಸಮುದಾಯ ಜೀವನ

ಬ್ರಿಡ್ಜ್ ಒಬ್ಬರೇ ಹೋಗಿ ಆಡಬಹುದಾದ ಆಟವಲ್ಲ. ಜೊತೆಗಾರರು ಬೇಕು, ಅದೂ ತಿಂಗಳುಗಟ್ಟಲೆ ಕೂಡಿ ಅಭ್ಯಾಸ ಮಾಡಿದವರಾದರೆ ಮೇಲು. ಹೀಗಾಗಿ ಕ್ಲಬ್ಬಿನ ಸಂಬಂಧಗಳು ಇತರ ಸಂಘಗಳ ಪರಿಚಯಕ್ಕಿಂತ ಗಾಢವಾಗಿರುತ್ತವೆ. ಬದುಕಿನ ಸಂಗಾತಿಯನ್ನೋ ಬಹುಕಾಲದ ಜೊತೆಗಾರರನ್ನೋ ಕಳೆದುಕೊಂಡವರು ಮತ್ತೆ ಆಡಲು ಬರುವುದು ಸುಲಭವಲ್ಲ. ಇದನ್ನರಿತ ಕ್ಲಬ್ಬುಗಳು ಒಬ್ಬ ಸದಸ್ಯರನ್ನು ಅಂದಿನ 'ಆತಿಥೇಯ'ರಾಗಿ ನೇಮಿಸುತ್ತವೆ. ಜೊತೆಯಿಲ್ಲದೆ ಬಂದವರೊಡನೆ ಅವರು ಆಡುತ್ತಾರೆ. ಎಲ್ಲರಿಗೂ ಜೋಡಿ ಸಿಕ್ಕರೆ ಆಡದೆ ಮನೆಗೆ ಮರಳುತ್ತಾರೆ. ಕ್ಲಬ್ಬಿನ ಕೆಲಸಗಳಲ್ಲಿ ಹೊರಗಿನವರ ಕಣ್ಣಿಗೆ ಬೀಳದ ತ್ಯಾಗ ಇದು.

ಮೇಜುಗಳನ್ನು ಹಾಕುವುದು, ಬೋರ್ಡುಗಳಿಗೆ ಎಲೆ ತುಂಬುವುದು, ಚಹಾ ಕಾಯಿಸುವುದು, ಲೆಕ್ಕ ಬರೆಯುವುದು ಬಹುಮಟ್ಟಿಗೆ ಸ್ವಯಂಸೇವಕರ ಪಾಲು. ಆದಾಯದ ಮೂಲ, ಪ್ರತಿ ಆಟಕ್ಕೆ ತಲಾ ಪಡೆಯುವ ಮೇಜಿನ ಶುಲ್ಕ. ಇಂಗ್ಲೆಂಡಿನಲ್ಲಿ 2010ರಿಂದ ಸದಸ್ಯತ್ವದ ವಾರ್ಷಿಕ ಚಂದಾದ ಬದಲು ಆಡಿದ ಪ್ರತಿ ಆಟಕ್ಕೆ ಅಲ್ಪ ಮೊತ್ತವನ್ನು ಕ್ಲಬ್ಬಿನ ಮೂಲಕ ಯೂನಿಯನ್ನಿಗೆ ಸಲ್ಲಿಸುವ ಕ್ರಮ ಬಂದಿದೆ. ಆಟದ ನಂತರ ಹಂಚಿಕೆಗಳ ಮುದ್ರಿತ ಪ್ರತಿ ಹಿಡಿದು ನಡೆಯುವ ಚರ್ಚೆಗೆ 'ಪೋಸ್ಟ್‌ಮಾರ್ಟಮ್' ಎಂದೇ ಹೆಸರು. ಕೆಲವರಿಗೆ ಆಟಕ್ಕಿಂತ ಇದೇ ರುಚಿ.

ಕ್ಲಬ್ಬಿನ ಪಾತ್ರಗಳನ್ನು ಸಾಹಿತ್ಯಕ್ಕೆ ತಂದವರಲ್ಲಿ ವಿಕ್ಟರ್ ಮೊಲ್ಲೊ ಮುಖ್ಯರು. 1965ರ 'ಬ್ರಿಡ್ಜ್ ಇನ್ ದ ಮೆನಾಜರಿ' ಕೃತಿಯಲ್ಲಿ ಅವರು ಸದಸ್ಯರನ್ನು ಪ್ರಾಣಿಪಕ್ಷಿಗಳ ಹೆಸರಿನಿಂದ ಚಿತ್ರಿಸಿದರು. ಜಂಬದ ಹಂದಿ, ಏನೂ ತಿಳಿಯದೆ ಗೆಲ್ಲುವ ಮೊಲ, ನಿಯಮದ ಅಕ್ಷರ ಹಿಡಿದು ಕೊನೆಗೆ ತಾನೇ ಸಿಕ್ಕಿಬೀಳುವ ಹಕ್ಕಿ ಇವರನ್ನು ಪ್ರತಿ ಕ್ಲಬ್ಬಿನವರೂ ತಮ್ಮಲ್ಲಿಯೇ ಗುರುತಿಸುತ್ತಾರೆ.

ಜೂಜಿನ ಕಳಂಕ

ಇಸ್ಪೀಟು ಎಂದರೆ ಜೂಜು ಎಂಬ ಭಾವನೆ ಭಾರತದಲ್ಲಿ ಬಲವಾಗಿದೆ. ಅಂದರ್-ಬಾಹರ್ ಅಡ್ಡೆಗಳ ಮೇಲಿನ ದಾಳಿಯ ಸುದ್ದಿ ಓದುವ ಮನೆಗಳಲ್ಲಿ ಮಕ್ಕಳ ಕೈಗೆ ಎಲೆ ಕೊಡಲು ಹಿಂಜರಿಯುವುದು ಸಹಜ. ಕಾನೂನು ಈ ಎರಡನ್ನು ಬೇರೆಯಾಗಿಯೇ ನೋಡಿದೆ. ಆಂಧ್ರಪ್ರದೇಶ ಸರ್ಕಾರ ಮತ್ತು ಕೆ. ಸತ್ಯನಾರಾಯಣ ನಡುವಿನ, 1968ರಲ್ಲಿ ವರದಿಯಾದ ಪ್ರಕರಣ ಸಿಕಂದರಾಬಾದಿನ ಒಂದು ಕ್ಲಬ್ಬಿನ ರಮ್ಮಿ ಆಟಕ್ಕೆ ಸಂಬಂಧಿಸಿದ್ದು. ರಮ್ಮಿ ಮುಖ್ಯವಾಗಿ ಕೌಶಲದ ಆಟವೆಂದು ಹೇಳುವಾಗ ಸರ್ವೋಚ್ಚ ನ್ಯಾಯಾಲಯವು, ಅದರಲ್ಲಿರುವ ಅದೃಷ್ಟದ ಪಾಲು ಬ್ರಿಡ್ಜ್‌ನಲ್ಲಿ ಎಲೆ ಹಂಚುವಾಗ ಇರುವಂತಹುದೇ ಎಂದು ಹೋಲಿಸಿತು. ಬ್ರಿಡ್ಜ್ ಕೌಶಲದ ಆಟವೆಂಬುದನ್ನು ವಾದವಿಲ್ಲದೆ ಒಪ್ಪಿಕೊಂಡಂತಾಯಿತು. ಎಲ್ಲರಿಗೂ ಒಂದೇ ಎಲೆ ಕೊಡುವ ಡುಪ್ಲಿಕೇಟ್‌ನಲ್ಲಿ ಆ ಪಾಲು ಇನ್ನೂ ಕಿರಿದು. ಯುರೋಪಿನಲ್ಲಿ ವಿವಾದ ಬೇರೆ ಬಗೆಯದು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 1999ರಲ್ಲಿ ವಿಶ್ವ ಒಕ್ಕೂಟಕ್ಕೆ ಮಾನ್ಯತೆ ನೀಡಿದ್ದರೂ, ದೈಹಿಕ ಶ್ರಮ ನಗಣ್ಯವಾದ ಡುಪ್ಲಿಕೇಟ್ ಬ್ರಿಡ್ಜ್ ತೆರಿಗೆ ವಿನಾಯಿತಿಯ ದೃಷ್ಟಿಯಿಂದ ಕ್ರೀಡೆಯಲ್ಲ ಎಂದು ಯುರೋಪಿಯನ್ ನ್ಯಾಯಾಲಯ 2017ರಲ್ಲಿ ತೀರ್ಪಿತ್ತಿತು.

ಭಾರತದಲ್ಲಿ

ಇಲ್ಲಿ ಆಟದ ರಾಷ್ಟ್ರೀಯ ಸಂಸ್ಥೆ ಬ್ರಿಡ್ಜ್ ಫೆಡರೇಶನ್ ಆಫ್ ಇಂಡಿಯಾ. ಕರ್ನಾಟಕದಲ್ಲಿ ರಾಜ್ಯ ಬ್ರಿಡ್ಜ್ ಸಂಘವಿದೆ. 1988ರ ವೆನಿಸ್ ಒಲಿಂಪಿಯಾಡಿನಲ್ಲಿ ಭಾರತ ತಂಡ ಉಪಾಂತ್ಯ ತಲುಪಿತ್ತು. ಸಾರ್ವಜನಿಕರ ಗಮನ ಹರಿದದ್ದು 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ. ಬ್ರಿಡ್ಜ್ ಮೊದಲ ಬಾರಿಗೆ ಸೇರ್ಪಡೆಯಾದ ಆ ಕೂಟದ ಪುರುಷರ ಜೋಡಿ ವಿಭಾಗದಲ್ಲಿ ಪಶ್ಚಿಮ ಬಂಗಾಳದ 60 ವರ್ಷದ ಪ್ರಣಬ್ ಬರ್ಧನ್ ಮತ್ತು 56 ವರ್ಷದ ಶಿಬ್‌ನಾಥ್ ಸರ್ಕಾರ್ ಚಿನ್ನ ಗೆದ್ದರು. ಪುರುಷರ ತಂಡ ಮತ್ತು ಮಿಶ್ರ ತಂಡಗಳಿಗೆ ಕಂಚು ಬಂದಿತು. 2023ರಲ್ಲಿ ನಡೆದ ಹ್ಯಾಂಗ್‌ಝೌ ಕೂಟದಲ್ಲಿ ಪುರುಷರ ತಂಡ ಬೆಳ್ಳಿ ಗಳಿಸಿತು. ಆದರೂ ಕನ್ನಡದಲ್ಲಿ ಈ ಆಟವನ್ನು ಮೊದಲಿನಿಂದ ಕಲಿಸುವ ಬರಹ ವಿರಳ. ಇಸ್ಪೀಟು, ಆಟೀನು, ಡೈಮಂಡು, ಕಳಾವರ್ ಎಂಬ ಹೆಸರುಗಳು ಹಳ್ಳಿಯ ಅರಳಿಕಟ್ಟೆಯಲ್ಲಿಯೂ ಬಳಕೆಯಲ್ಲಿರುವಾಗ ಇದು ಕೊರತೆಯೇ ಸರಿ.

ಸಾಂಕ್ರಾಮಿಕದ ನಂತರ

2020ರ ಮಾರ್ಚಿನಲ್ಲಿ ಕೋವಿಡ್‌ನಿಂದಾಗಿ ಜಗತ್ತಿನ ಬಹುತೇಕ ಕ್ಲಬ್ಬುಗಳು ಮುಚ್ಚಿದವು. ಸದಸ್ಯರಲ್ಲಿ ವಯಸ್ಸಾದವರೇ ಹೆಚ್ಚಾಗಿದ್ದುದರಿಂದ ಬೇರೆ ದಾರಿಯಿರಲಿಲ್ಲ. ಬ್ರಿಡ್ಜ್ ಬೇಸ್ ಆನ್‌ಲೈನ್ ಮುಂತಾದ ಅಂತರಜಾಲ ವೇದಿಕೆಗಳಲ್ಲಿ ಕ್ಲಬ್ಬುಗಳು ತಮ್ಮ ಹೆಸರಿನಲ್ಲಿಯೇ ಆಟ ನಡೆಸಿದವು. ಕಂಪ್ಯೂಟರ್ ಮುಟ್ಟದಿದ್ದ ಹಿರಿಯರು ಮೊಮ್ಮಕ್ಕಳಿಂದ ಕಲಿತು ಆಡಿದರು. ಸರದಿ ತಪ್ಪುವುದು, ಬಣ್ಣ ತಪ್ಪುವುದು ಅಲ್ಲಿ ಸಾಧ್ಯವೇ ಇಲ್ಲ, ಯಂತ್ರ ಬಿಡುವುದಿಲ್ಲ. ಆದರೆ ಹೊಸ ಬಗೆಯ ಮೋಸ ಹುಟ್ಟಿತು: ಬೇರೆ ಹೆಸರಿನಲ್ಲಿ ಪ್ರೇಕ್ಷಕರಾಗಿ ಒಳಬಂದು ನಾಲ್ವರ ಎಲೆಗಳನ್ನೂ ನೋಡಿ ಆಡುವುದು. ದಾಖಲೆಯಾದ ಆಟಗಳನ್ನು ಪರಿಶೀಲಿಸಿ ಅನೇಕರನ್ನು ಹೊರಗಿಡಲಾಯಿತು.

ಬಾಗಿಲು ಮತ್ತೆ ತೆರೆದಾಗ ಎಲ್ಲರೂ ಹಿಂದಿರುಗಲಿಲ್ಲ. ರಾತ್ರಿ ವಾಹನ ಓಡಿಸಲಾಗದವರಿಗೆ ಮನೆಯ ಆಟವೇ ಹಿತವಾಗಿತ್ತು. ಬಾಡಿಗೆ ಕಟ್ಟಲಾಗದೆ ಕೆಲವು ಕ್ಲಬ್ಬುಗಳು ಮುಚ್ಚಿದವು, ಕೆಲವು ಒಂದರೊಳಗೊಂದು ಸೇರಿದವು. ಸಂಜೆಯ ಆಟಗಳನ್ನು ಹಗಲಿಗೆ ತಂದವರೂ ಇದ್ದಾರೆ. ಅದರಿಂದ ಹಿರಿಯರಿಗೆ ಅನುಕೂಲವಾದರೆ ಉದ್ಯೋಗದಲ್ಲಿರುವವರಿಗೆ ಬಾಗಿಲು ಮುಚ್ಚಿದಂತಾಗುತ್ತದೆ. ಹೊಸಬರಿಗಾಗಿ ಹರಾಜನ್ನು ಬಿಟ್ಟು, ಎಣಿಕೆಯ ಬಲ ಹೆಚ್ಚಿರುವ ಜೋಡಿಯೇ ಕರಾರು ಆರಿಸುವ ಮಿನಿಬ್ರಿಡ್ಜ್ ಎಂಬ ಸರಳ ರೂಪವನ್ನು ಹಲವೆಡೆ ಶಾಲೆಗಳಲ್ಲಿಯೂ ಕಲಿಕೆಯ ತರಗತಿಗಳಲ್ಲಿಯೂ ಬಳಸಲಾಗುತ್ತಿದೆ. ಸ್ಕಾಟ್ಲೆಂಡಿನ ಸ್ಟರ್ಲಿಂಗ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞರು ಬ್ರಿಡ್ಜ್ ಆಟಗಾರರ ಸಾಮಾಜಿಕ ಜೀವನವನ್ನೇ ಅಧ್ಯಯನ ವಿಷಯವಾಗಿ ತೆಗೆದುಕೊಂಡಿದ್ದಾರೆ.